ನಾಲ್ಕನೆಯ ಕಿಟಕಿ

ಆಕಾಶಕ್ಕೆ ತೂತು ಬಿದ್ದಾಗ ಸಂಹಿತಾ ಕೌಂಟರಿನ ಹಿಂದೆ ಕೂತು ಬಂದವರೊಬ್ಬರಿಗೆ ಬೀಗದ ಕೈ ಹುಡುಕುತ್ತಿದ್ದಳು. ಮೊದಲು ಗೋಡೆ ಗುರ್ರೆಂದಿತು. ಆಮೇಲೆ ನಾಲ್ಕನೆಯ ಕಿಟಕಿಯ ಬಿಳಿ ಮೋಡದ ನಡುವಿನಿಂದ ಡ್ರಿಲ್ಲಿನ ಮೊನೆ ತಿರುಗುತ್ತ ಹೊರಬಂತು, ದಾರಿ ತಪ್ಪಿದವರ ಹಾಗೆ ಸ್ವಲ್ಪ ನಿಂತು, ಮತ್ತೆ ಒಳಗೆ ಹೋಯಿತು.

ಮದ್ರಾಸಿನ ಟ್ರಿಪ್ಲಿಕೇನಿನ ಆ ಗಲ್ಲಿಯಲ್ಲಿ ಲಾಡ್ಜುಗಳಿಗೆ ಬರವಿಲ್ಲ. ಆದರೆ ಸಂಹಿತಾಳ ಅಪ್ಪ ಪಂಢರಿನಾಥರ ‘ಪುಷ್ಪಕ ಇನ್’ ಲಾಡ್ಜಲ್ಲ, ವಿಮಾನ. ಕೋಣೆಗಳಿಗೆ ಸೀಟಿನ ನಂಬರು: ಒಂದು ಎ, ಒಂದು ಬಿ, ಎರಡು ಎ. ಬೀಗದ ಕೈ ಕೊಡುವುದು ಬೋರ್ಡಿಂಗ್ ಪಾಸಿನಂಥ ಕವರಿನಲ್ಲಿ. ಲಾಬಿಯ ಒಂದು ಗೋಡೆಯುದ್ದಕ್ಕೂ ಮೂಲೆ ದುಂಡಗಿನ ಪುಟ್ಟ ಕಿಟಕಿಗಳು, ಒಂದೊಂದಕ್ಕೂ ಎಳೆದು ಇಳಿಸುವ ಪ್ಲಾಸ್ಟಿಕ್ ಶೇಡ್, ಶೇಡಿನ ಹಿಂದೆ ಗೋಡೆಗೇ ಬಳಿದ ನೀಲಿ ಆಕಾಶ. ಗಲ್ಲಿಯವರ ಬಾಯಲ್ಲಿ ಅದು ‘ಫ್ಲೈಟ್ ಲಾಡ್ಜು’. ನಿಜವಾದ ವಿಮಾನ ಕಾಣಬೇಕಾದರೆ ತಾರಸಿ ಹತ್ತಿ ಕಾಯಬೇಕಿತ್ತು.

ಪಕ್ಕದ ಮಳಿಗೆ ಮೊದಲು ಜೆರಾಕ್ಸ್ ಅಂಗಡಿಯಾಗಿತ್ತು. ಅವಳು ಅಲ್ಲಿಗೆ ಹೋದಾಗ ಹುಬ್ಬಿನವರೆಗೂ ಸುಣ್ಣದ ಪುಡಿ ಮೆತ್ತಿಕೊಂಡ ಒಬ್ಬ ಡ್ರಿಲ್ ಹಿಡಿದು ನಿಂತಿದ್ದ. ಅವಳು ತಮಿಳಿನಲ್ಲಿ ಬೈದಳು. ಅವನು ಅರ್ಥವಾಗದೆ ಕಣ್ಣು ಬಿಟ್ಟ.

“ಅಯ್ಯ, ನಂಗ ತಮಿಳು ಬರೂದಿಲ್ರಿ,” ಎಂದ ಕನ್ನಡದಲ್ಲೇ, ತನಗೆ ತಾನೇ ಹೇಳಿಕೊಳ್ಳುವಂತೆ.

“ಶರಿ, ಕನ್ನಡದಲ್ಲೇ ಕೇಳಿ. ನಮ್ಮ ಆಕಾಶ ಒಡೆದುಬಿಟ್ಟಿದ್ದೀರಿ ನೀವು.”

ಅವನು ತಲೆಯೆತ್ತಿ ಚಾವಣಿ ನೋಡಿದ. “ಯಾವ ಆಕಾಶರೀ?”

ಕೋಪ ಮಾಡಿಕೊಂಡು ಬಂದವಳಿಗೆ ನಗು ಬಂತು.

ಅವನ ಹೆಸರು ಅಂದಾನಿ, ಊರು ಗದಗ. ಅಪ್ಪನ ಆಪರೇಷನ್ನಿಗೆಂದು ಮದ್ರಾಸಿಗೆ ಬಂದವನು, ಆಸ್ಪತ್ರೆಯ ವರಾಂಡದಲ್ಲಿ ತನ್ನ ಕಡೆಯವರು ಎಷ್ಟೊಂದು ಜನ ರೊಟ್ಟಿ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ತಿರುಗುವುದನ್ನು ನೋಡಿದ್ದ. ಅಪ್ಪ ಗುಣವಾಗಿ ಊರಿಗೆ ಹೋದರು. ಮಗ ಜೋಳದ ರೊಟ್ಟಿಯ ಖಾನಾವಳಿ ತೆರೆಯಲು ಇಲ್ಲೇ ಉಳಿದ.

ತೂತು ಮುಚ್ಚಲು ಹೋದಾಗ ಹಳೆಯ ಇಟ್ಟಿಗೆ ಕಳಚಿ ಬಿದ್ದು ಅದು ಇನ್ನಷ್ಟು ದೊಡ್ಡದಾಯಿತು. ಪಂಢರಿನಾಥರು ಮೂಗಿನ ಮೇಲೆ ಕನ್ನಡಕ ಏರಿಸಿ ಪರೀಕ್ಷಿಸಿ, ಹೇಗೂ ನಮ್ಮಲ್ಲಿ ಅಡುಗೆಮನೆಯಿಲ್ಲ, ಬೆಳಗಿನ ತಿಂಡಿ ಈ ದಾರಿಯಲ್ಲೇ ಬರಲಿ ಎಂದರು. ಹಾಗೆ ನಾಲ್ಕನೆಯ ಕಿಟಕಿ ಮಾತ್ರ ನಿಜವಾದ ಕಿಟಕಿಯಾಯಿತು.

*

ಅವನು ಆ ಕಡೆಯಿಂದ ಚಮಚದಲ್ಲಿ ಟಕಟಕ ಬಡಿಯುತ್ತಿದ್ದ. ಅವಳು ಈ ಕಡೆಯಿಂದ ಶೇಡ್ ಎತ್ತುತ್ತಿದ್ದಳು. ಮೊದಲು ಹಿಟ್ಟು ಹತ್ತಿದ ಬೆರಳು ಕಾಣುತ್ತಿತ್ತು, ಆಮೇಲೆ ಗದ್ದ, ಆಮೇಲೆ ತಡೆದುಕೊಂಡ ನಗು. ಕಣ್ಣು ಕಾಣುವ ಮೊದಲು ಅವಳು ಶೇಡನ್ನು ಅಲ್ಲೇ ನಿಲ್ಲಿಸುತ್ತಿದ್ದಳು.

“ಪೂರ್ತಿ ತಗೀರಲ್ಲ.”

“ಲ್ಯಾಂಡಿಂಗ್ ಟೈಮಲ್ಲಿ ಮಾತ್ರ ಪೂರ್ತಿ ತೆಗೆಯೋದು. ಅದು ರೂಲ್ಸು.”

“ಹಂಗಾರ ನಾ ಯಾವಾಗ ಲ್ಯಾಂಡ್ ಆಗ್ಬೇಕ್ರಿ?”

ಅವಳು ತಟ್ಟೆ ಎಳೆದುಕೊಳ್ಳುತ್ತಿದ್ದಳು. ಖಾನಾವಳಿ ಇನ್ನೂ ತೆರೆದಿರಲಿಲ್ಲ. ಅವನು ಕೈ ಪಳಗಿಸಿಕೊಳ್ಳಲು ಮಾಡಿದ್ದೆಲ್ಲ ಆ ಕಿಟಕಿಯಿಂದ ಬರುತ್ತಿತ್ತು. ಒಂದು ದಿನ ಬಂದದ್ದು ಎರಡು ಬಟ್ಟಲು ಬದನೆಕಾಯಿ ಎಣಗಾಯಿ.

“ಇದು ನಿಮ್ಮಪ್ಪ ರಾಯರಿಗೆ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ್ದು. ಇದು ನಿಮಗ, ಇದ್ದದ್ದು.”

“ನಾನೂ ತಿನ್ನಲ್ಲ ಅಂತ ನಿಮಗೆ ಹೇಳಿದ್ದೆನಲ್ಲ.”

“ಹೇಳಿದ್ರಿ. ಆಮ್ಯಾಲೆ ಬಟ್ಟಲಾ ಬೆರಳಿಲೆ ಬಳದು ತಿಂದೀರಿ. ಕಿಡಕ್ಯಾಗ ಎಲ್ಲಾ ಕಾಣ್ತದ್ರಿ.”

“ಕಿಡಕಿ ಅಲ್ಲ, ಜನ್ನಲ್.”

“ಅದು ನಿಮ್ಮ ತಮಿಳು.”

“ತಮಿಳಾ? ನಮ್ಮನೇಲಿ ಅದೇ ಕನ್ನಡ.”

ಒಂದು ಮಧ್ಯಾಹ್ನ ಅವಳು ಆ ಕಡೆಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಹಿಟ್ಟು ಅಂಚಿನಲ್ಲೆಲ್ಲ ಬಿರಿಯಿತು. ಅವನು ಪಕ್ಕದಲ್ಲೇ ಇನ್ನೊಂದು ಹಲಗೆ ಇಟ್ಟುಕೊಂಡು ಬಡಿಯತೊಡಗಿದ. ಅವಳು ಆ ಸದ್ದಿಗೆ ಕಿವಿಕೊಟ್ಟು ಕೈಯಾಡಿಸಿದಳು. ಸ್ವಲ್ಪ ಹೊತ್ತು ಎರಡು ಸದ್ದು ಒಂದಾಗಿ ಹೋದವು. ಅದು ಗೊತ್ತಾದ ಕೂಡಲೇ ಅವಳ ಕೈ ತಪ್ಪಿತು.

“ನಿಮ್ಮ ಕೈ ತಮಿಳಿನಾಗ ಬಡೀತಾವ್ರಿ.”

“ನಿಮ್ಮ ರೊಟ್ಟಿಗೆ ತಮಿಳು ಬರದೇ ಇದ್ದರೆ ನಾನೇನು ಮಾಡೋದು?”

ಅವನು ನಗುತ್ತ ಅವಳ ಒಡೆದ ರೊಟ್ಟಿಯನ್ನೇ ಹಂಚಿಗೆ ಹಾಕಿದ. ಸುಟ್ಟು, ತಾನೇ ತಿಂದ.

*

‘ಪುಷ್ಪಕ ಇನ್’ನಲ್ಲಿ ಎರಡು ಮಾತು ಆಡುವಂತಿರಲಿಲ್ಲ: ‘ಲೇಟು’ ಮತ್ತು ‘ಕ್ಯಾನ್ಸಲ್’. ಪಂಢರಿನಾಥರು ಮೀನಂಬಾಕ್ಕಂ ಏರ್‌ಪೋರ್ಟಿನಲ್ಲಿ ಮೈಕಿನ ಮುಂದೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಹಾರಿದ ವಿಮಾನದ ಬಗ್ಗೆ ಯಾರೂ ಬಂದು ಅವರನ್ನು ಹೊಗಳಲಿಲ್ಲ, ಹಾರದ ವಿಮಾನಕ್ಕೆಲ್ಲ ಅವರೇ ಬೈಸಿಕೊಂಡರು. ನನ್ನ ಸ್ವಂತ ವಿಮಾನದಲ್ಲಾದರೂ ಯಾರಿಗೂ ‘ಇಲ್ಲ’ ಅನ್ನುವುದು ಬೇಡ ಎಂಬುದು ಅವರ ಆಸೆ. ಹಾಗಾಗಿ ಸಂಹಿತಾ ಒಂದು ಉಪಾಯ ಕಲಿತಿದ್ದಳು. ಬೇಗ ಕೋಣೆ ಕೊಡಿ ಎಂದವರಿಗೆ, ಬಾಡಿಗೆ ಇಳಿಸಿ ಎಂದವರಿಗೆ, ಅವಳು ಮುಗುಳ್ನಕ್ಕು “ಪಾಕ್ಕಲಾಂ ಸಾರ್” ಎನ್ನುತ್ತಿದ್ದಳು. ಕನ್ನಡದವರಾದರೆ “ನೋಡೋಣ ಸರ್.” ಅವರು ಖುಷಿಯಾಗಿ ಹೋಗುತ್ತಿದ್ದರು. ಏನೂ ಆಗುತ್ತಿರಲಿಲ್ಲ.

ಅಂದಾನಿ ಕಿಟಕಿಯಲ್ಲಿ ಗಲ್ಲ ಊರಿ ಇದನ್ನು ನೋಡುತ್ತಿದ್ದ.

“ನಿಮ್ಮ ನೋಡೋಣ ಅಂದ್ರ ಇಲ್ಲ ಅಂತ. ಹೌದಿಲ್ರಿ?”

“ಲಾಬಿಯಲ್ಲಿ ಹಾಗೇ.”

“ನಮ್ಮೂರಾಗೂ ಹಂಗ. ಹೆಣ್ಣು ಕೇಳಾಕ ಹೋದಲ್ಲಿ ‘ನೋಡೋಣ್ರಿ’ ಅಂದ್ರು ಅಂದ್ರ, ಚಾ ಕುಡದು ಚಪ್ಪಲಿ ಹುಡಿಕ್ಕೊಂಡು ಎದ್ದು ಬರೂದು. ಎರಡನೇ ಸಲ ಕೇಳಿದಾಂವ ಮನಶ್ಯಾನ ಅಲ್ಲ.”

“ಪಾಪ,” ಎಂದಳು ಅವಳು. ಇಬ್ಬರೂ ನಕ್ಕರು. ಆ ನಗು ಅವಳಿಗೆ ಆಮೇಲೆ ಬಹಳ ಸಲ ನೆನಪಾಗಲಿತ್ತು.

*

ಓಪನಿಂಗಿನ ಹಿಂದಿನ ದಿನ ಬೋರ್ಡು ಬಂತು. ಕನ್ನಡದಲ್ಲಿ ‘ಗದಗ ಖಾನಾವಳಿ’, ಕೆಳಗೆ ಅದೇ ತಮಿಳಿನಲ್ಲಿ. ಅವನು ಕಿಟಕಿಯಿಂದಲೇ ಅವಳಿಗೆ ಬೋರ್ಡು ತೋರಿಸಿದ.

“ತಮಿಳಿನಾಗ ಏನ್ ಬರದಾರ ಓದ್ರಿ.”

“ಕದಕ್.”

“ಗದಗ ಅಂತ ಬರೀರಿ ಅಂದ್ರ ಕದಕ್ ಅಂತ ಬರದಾರಲ್ರಿ.”

“ತಮಿಳಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಓದೋರು ಸರಿಯಾಗಿ ಓದ್ಕೋಬೇಕು.”

“ಓದೋರಿಗೆ ತಿಳೀಲಿಲ್ಲಂದ್ರ?”

“ಹೋಯ್ತು,” ಎಂದು ಅವಳು ಕೈ ಆಡಿಸಿದಳು.

ಅವನು ಬೋರ್ಡನ್ನು ಗೋಡೆಗೆ ಒರಗಿಸಿ ಮತ್ತೆ ಕಿಟಕಿಗೆ ಬಂದ. ಮುಖ ತೊಳೆದುಕೊಂಡಿದ್ದ. ಹಿಟ್ಟಿಲ್ಲದ ಅವನ ಮುಖ ಅವಳಿಗೆ ಸ್ವಲ್ಪ ಹೊಸದಾಗಿ ಕಂಡಿತು.

“ಸಂಹಿತಾರೀ, ನೀವು ಈ ಕಡೆ ಬರ್ತೀರೇನು?”

“ಬರದೇ ಇರ್ತೀನಾ? ನಾಳೆ ಅಪ್ಪನ್ನೂ ಕರ್ಕೊಂಡು ಬರ್ತೀನಿ.”

“ನಾಳಿಗಲ್ರಿ.” ಅವನು ಕಿಟಕಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. “ಕಾಯಂ.”

ಸಂಹಿತಾಳ ಕಿವಿ ಬೆಚ್ಚಗಾದವು. ಅದೇ ಹೊತ್ತಿಗೆ ಸೂಟ್‌ಕೇಸುಗಳೊಂದಿಗೆ ಒಂದು ಸಂಸಾರವೇ ಒಳಗೆ ಬಂತು. ಫೋನ್ ಹೊಡೆದುಕೊಳ್ಳತೊಡಗಿತು. ಅಪ್ಪ ಮೆಟ್ಟಿಲಿಳಿಯುವ ಸದ್ದು. ಇಂಥ ಮಾತಿಗೆ ಕೌಂಟರಿನಲ್ಲಿ ನಿಂತು ಉತ್ತರ ಹೇಳುವುದೇ? ಡ್ಯೂಟಿ ಮುಗಿಯಲಿ, ಸೀರೆ ಉಟ್ಟುಕೊಂಡು ಹೋಗುತ್ತೇನೆ, ಮರೀನಾದ ಮರಳಿನಲ್ಲಿ ಕೂತು ಹೇಳುತ್ತೇನೆ ಎಂದುಕೊಂಡಳು. ಸಂಜೆ ಸಿಗೋಣ ಅನ್ನುವುದು ಅವಳ ಮನಸ್ಸಿಗೆ ಬಂದದ್ದು ತಮಿಳಿನಲ್ಲಿ, ಮನೆಯಲ್ಲಿ ಎಲ್ಲರೂ ಬೀಳ್ಕೊಡುವಾಗ ಅನ್ನುವ ಹಾಗೆ, ಪಾಕ್ಕಲಾಂ. ನಾಲಿಗೆಗೆ ಬಂದದ್ದು ಕನ್ನಡದಲ್ಲಿ.

“ಶರಿ, ನೋಡೋಣ,” ಎಂದು ಶೇಡ್ ಇಳಿಸಿದಳು.

ಅವಳು ನಕ್ಕಿದ್ದಳು. ನಗು ಮುಖವಿಡೀ ಹರಡುವ ಹೊತ್ತಿಗೆ ಶೇಡ್ ಕೆಳಗಿತ್ತು.

*

ಸಂಜೆ ಮಲ್ಲಿಗೆ ಮುಡಿದು ಹೋದಾಗ ಖಾನಾವಳಿಯ ಶಟರ್ ಎಳೆದಿತ್ತು. ತರಕಾರಿಗೆ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರ್. ಪಾಪ, ಕೆಲಸದ ಗಡಿಬಿಡಿ ಎಂದುಕೊಂಡಳು. ನಾಳೆ ಹೇಳಿದರೂ ಆಯಿತು.

ಬೆಳಿಗ್ಗೆ ಶೇಡ್ ಎತ್ತಿದಳು. ಒದ್ದೆ ಸಿಮೆಂಟು. ಅದರ ಮೇಲೆ ಒಂದು ಹೆಬ್ಬೆರಳಿನ ಗುರುತು.

ಓಪನಿಂಗಿಗೆ ಅಪ್ಪನ ಜೊತೆ ಹೋದಳು. ಬಾಗಿಲಿಗೆ ಬಾಳೆಗಂಬ, ಒಳಗೆ ಗದ್ದಲ. ಅಂದಾನಿ ಕೈ ಮುಗಿದ. “ಬರ್ರಿ ರಾಯರ. ಬರ್ರಿ ಮೇಡಂ.”

ಮೇಡಂ.

“ಜನ್ನಲ್ ಮುಚ್ಚಿಬಿಟ್ರಾ?” ಎಂದಳು, ಆದಷ್ಟು ಹಗುರವಾಗಿ.

“ಹೌದ್ರಿ. ನಿಮಗ ತ್ರಾಸ ಆಗಬಾರದಲ್ಲ.”

“ಒಳ್ಳೇ ಕೆಲಸ ಮಾಡಿದಿರಿ,” ಎಂದರು ಪಂಢರಿನಾಥರು. “ಹೊಗೆ ಬರ್ತಿತ್ತು.”

ಅಷ್ಟೇ. ಕೇಳಿದವನೇ ಒಂದು ಸಂಜೆ ಕಾಯಲಾರದೆ ಮಾತನ್ನು ವಾಪಸ್ ತೆಗೆದುಕೊಂಡ ಎಂದು ಅವಳಿಗೆ ಅನಿಸಿತು. ರಾತ್ರಿ ಕೂತು ಯೋಚಿಸಿರಬೇಕು. ಜಾತಿ, ಜನ, ಇವಳ ಅಪ್ಪ. ಹೋಗಲಿ, ನಾನೇಕೆ ಕೇಳಲಿ? ಎಲೆಯಲ್ಲಿ ರೊಟ್ಟಿ ಬಂತು. ಬಿರಿಯದ, ತೆಳ್ಳಗಿನ ರೊಟ್ಟಿ. ಮುರಿದು ಮುರಿದು ಅಪ್ಪನ ಎಲೆಗೆ ಹಾಕಿದಳು.

ಆಮೇಲೆ ತಿಂಡಿ ಮುಂಬಾಗಿಲಿನಿಂದ ಬರತೊಡಗಿತು. ಪೇಂಟರ್ ಬಂದು ನಾಲ್ಕನೆಯ ಕಿಟಕಿಗೆ ಮತ್ತೆ ಆಕಾಶ ಬಳಿದು ಹೋದ. ಅಲ್ಲಿನ ಮೋಡ ಉಳಿದವಕ್ಕಿಂತ ಸ್ವಲ್ಪ ದಪ್ಪ. ಗಲ್ಲಿಯಲ್ಲಿ ಎದುರಾದರೆ ಅವನು ತಲೆ ಬಾಗಿಸುತ್ತಿದ್ದ, ಅವಳು “ಬಿಸಿನೆಸ್ ಹೇಗಿದೆ?” ಎನ್ನುತ್ತಿದ್ದಳು. ಯಾವ್ಯಾವುದೋ ಊರಿನವರಿಗೆ ಟ್ಯಾಕ್ಸಿ ಕರೆದು, ದಾರಿ ಹೇಳಿ, ಮೂರು ಭಾಷೆಯಲ್ಲಿ ಶುಭಪ್ರಯಾಣ ಕೋರುವ ಹುಡುಗಿ ಒಂದು ಇಟ್ಟಿಗೆಯಷ್ಟು ದಪ್ಪದ ಗೋಡೆಯಾಚೆಗೆ ಒಂದು ಪ್ರಶ್ನೆ ಕಳಿಸಲಿಲ್ಲ. ಪ್ರತಿ ಬೆಳಿಗ್ಗೆ ಗೋಡೆಯ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವಳು ರೇಡಿಯೋ ಹಾಕುತ್ತಿದ್ದಳು. ಕೆಲವು ದಿನ ಹಾಕುತ್ತಿರಲಿಲ್ಲ.

*

ಮುಂದಿನ ವರ್ಷದ ಒಂದು ಬೆಳಿಗ್ಗೆ ಅಂದಾನಿ ಲಾಬಿಗೆ ಬಂದ. ಸಂಹಿತಾ ಅಡ್ಯಾರಿನ ಜಾನಕಮ್ಮ ಅತ್ತೆಯೊಡನೆ ಫೋನಿನಲ್ಲಿದ್ದಳು. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದಳು. ಅವನು ಕೂರಲಿಲ್ಲ.

“ಶರಿ ಅತ್ತೆ, ನೋಡೋಣ. ಇಟ್ಟುಬಿಡ್ತೀನಿ.”

“ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಇಲ್ಲ ಅಂದ್ರಿ?” ಎಂದ ಅಂದಾನಿ. ಎಷ್ಟೋ ದಿನಗಳ ಮೇಲೆ ಅವನ ದನಿಯಲ್ಲಿ ಆ ಹಳೆಯ ತುಂಟತನವಿತ್ತು.

“ಯಾರಿಗೂ ಇಲ್ಲವಲ್ಲ. ಶುಕ್ರವಾರ ಅತ್ತೆ ಮನೆಗೆ ಹೋಗ್ತಿದ್ದೀನಿ.”

“ನೋಡೋಣ ಅಂದ್ರಲ್ಲ.”

“ಆಮಾ, ಹೌದು. ಮಾತು ಮುಗಿಸೋವಾಗ ಹಾಗೇ ಅಲ್ವಾ ಹೇಳೋದು? ಪಾಕ್ಕಲಾಂ. ಸಿಗೋಣ ಅಂತ.”

ಹೇಳಿದ ಮೇಲೆ ಅವಳಿಗೆ ತನ್ನ ಮಾತು ಕೇಳಿಸಿತು.

ಅವನಿಗೂ ಕೇಳಿಸಿತ್ತು. “ಸಿಗೋಣ ಅಂತ,” ಎಂದು ಅವನು ಅದನ್ನೇ ಮೆಲ್ಲಗೆ ಮತ್ತೆ ಹೇಳಿದ. ಅವನ ನೋಟ ನಾಲ್ಕನೆಯ ಕಿಟಕಿಗೆ ಹೋಯಿತು, ದಪ್ಪ ಮೋಡದ ಮೇಲೆ ನಿಂತಿತು. ಕೈಯಲ್ಲಿದ್ದ ಕವರನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಕೊನೆಗೆ ಕೌಂಟರಿನ ಮೇಲಿಟ್ಟ. ಮೂಲೆಗಳಿಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ.

ಅವಳು ಅದನ್ನು ತೆರೆದು ಓದಿದಳು. ಜಯಲಕ್ಷ್ಮೀ.

“ಹುಡುಗಿ ಏನು ಮಾಡ್ತಾರೆ?”

“ಸಾಲ್ಯಾಗ ಟೀಚರ್ ಅದಾಳ್ರಿ. ಕೆಲಸ ಬಿಟ್ಟು ಇಲ್ಲಿಗೆ ಬರ್ತೀನಿ ಅಂದಾಳ.” ಕೌಂಟರಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. “ಕೇಳಿದ ಕೂಡ್ಲೇ ಹೂಂ ಅಂದ್ಲು.”

“ಒಳ್ಳೇದು.”

“ಸಂಹಿತಾರೀ. ಆ ದಿನ ನನಗ ಅಂದದ್ದು ಯಾವುದರಾಗ ಅಂದಿದ್ರಿ? ಕನ್ನಡದಾಗೋ, ತಮಿಳಿನಾಗೋ?”

ಅವಳು ಪತ್ರಿಕೆಯನ್ನು ಇದ್ದ ಹಾಗೇ ಮಡಚಿದಳು. ಗದಗಿನ ಯಾವುದೋ ಮನೆಯಲ್ಲಿ ಒಬ್ಬಳು ಬಟ್ಟೆ ಜೋಡಿಸಿಕೊಳ್ಳುತ್ತಿರಬಹುದು. ಮದ್ರಾಸಿನಲ್ಲಿ ಸೆಖೆ ಹೆಚ್ಚಂತೆ ಎಂದು ಕಾಟನ್ ಸೀರೆಗಳನ್ನೇ ಆರಿಸುತ್ತಿರಬಹುದು.

“ಕನ್ನಡದಲ್ಲೇ,” ಎಂದಳು. “ಆ ದಿನ ಕನ್ನಡದಲ್ಲೇ ಹೇಳಿದ್ದೆ.”

ಅಂದಾನಿ ಅವಳನ್ನೇ ನೋಡಿದ. ಇಬ್ಬರ ನಡುವೆ ಈಗ ಇಳಿಸಲು ಶೇಡ್ ಇರಲಿಲ್ಲ.

“ನಿಮ್ಮ ಕನ್ನಡ ಅಷ್ಟು ಚೊಲೋ ಇಲ್ರಿ,” ಎಂದ.

ಅವಳಿಗೆ ನಗು ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು. ತಲೆ ಬಗ್ಗಿಸಿ ಬೀಗದ ಕೈಗಳನ್ನು ಜೋಡಿಸಿದಳು.

“ಇನ್ನೊಂದ್ ಸಲ ಕೇಳಬೇಕಾಗಿತ್ತು ನಾ.”

“ಎರಡನೇ ಸಲ ಕೇಳಿದವನು ಮನುಷ್ಯನೇ ಅಲ್ಲ ಅಂದಿದ್ರಿ.”

“ಅಂದಿದ್ದೆ,” ಎಂದ. ಬಾಗಿಲವರೆಗೆ ಹೋಗಿ ನಿಂತ. “ರಾಯರಿಗೆ ಹೇಳ್ರಿ, ಬಂದು ಹೋದ ಅಂತ.”

ಹೇಳುತ್ತೇನೆ ಎಂದಳು. ಸಿಗೋಣ ಎನ್ನಲು ಎರಡು ಭಾಷೆಯಲ್ಲೂ ಅವಳಿಗೆ ಬಾಯಿ ಬರಲಿಲ್ಲ.

*

ಮದುವೆಯಾಗಿ ಅವರು ಬಂದ ಮೇಲಿನ ಮೊದಲ ಸೋಮವಾರ. ಸಂಹಿತಾ ಒಂದೊಂದಾಗಿ ಶೇಡುಗಳನ್ನು ಎತ್ತುತ್ತ ಬಂದಳು. ನಾಲ್ಕನೆಯದಕ್ಕೆ ಬಂದಾಗ ಗೋಡೆಯೊಳಗೆ ಸದ್ದು ಶುರುವಾಯಿತು. ಗುರುತಿದ್ದ ಕೈ. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಜೊತೆ ಕೈ, ಹಗುರ, ಸ್ವಲ್ಪ ಚುರುಕು. ಮೊದಲು ಎರಡೂ ಬೇರೆ ಬೇರೆ ಬಡಿದವು. ಆಮೇಲೆ ಒಂದು ನಿಧಾನವಾಯಿತು, ಇನ್ನೊಂದು ಬೇಗ ಬಂತು. ಒಂದಾದವು. ತಪ್ಪಲಿಲ್ಲ.

ಅವಳು ಶೇಡನ್ನು ಪೂರ್ತಿ ಮೇಲಕ್ಕೆತ್ತಿ ಕೌಂಟರಿಗೆ ಬಂದಳು.

ಒಂದು ಬಿ ಕೋಣೆಯ ಹಿರಿಯರು, ದಾವಣಗೆರೆಯ ಕಡೆಯವರು, ಕಣ್ಣುಜ್ಜಿಕೊಳ್ಳುತ್ತ ಬಂದರು.

“ಏನಮ್ಮಾ ಇದು ಸದ್ದು, ಗೋಡೆ ಒಳಗೆ? ಮಲಗೋಕೇ ಆಗಲ್ಲ. ದಿನಾ ಹಿಂಗೇನಾ? ನಿಲ್ಲುತ್ತೇನು?”

ಸಂಹಿತಾ ಅವರ ಮುಖ ನೋಡಿ ಮುಗುಳ್ನಕ್ಕಳು.

“ನೋಡೋಣ ಸರ್,” ಎಂದಳು.