ಶಾಂತಿ ಅರ್ಕದ ಕಡೆಯ ಬಾಟಲಿ

ಬೆಳಗಿನ ಪೂಜೆಗೆಂದು ದೇವರ ಕೋಣೆಯ ಬಾಗಿಲು ತೆಗೆದ ರುದ್ರೇಶ್‌ಗೆ ಕಂಡದ್ದು ಖಾಲಿ ಮಣೆ. ಅದರ ಮೇಲಿದ್ದ ಬಾಟಲಿ ಮಾಯ!

ಅದು ಅಂತಿಂಥ ಬಾಟಲಿಯಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅವನ ಮುತ್ತಜ್ಜನ ಅಪ್ಪ ಏಕಾಂತಪ್ಪ ದಾವಣಗೆರೆ ಕಡೆಯಿಂದ ಮದರಾಸಿಗೆ ಬಂದು, ಪ್ಯಾರೀಸ್ ಕಾರ್ನರಿನಲ್ಲಿ ಅಂಗಡಿ ಹಾಕಿ ಮಾರಿದ 'ಶಾಂತಿ ಅರ್ಕ'ದ ಕಡೆಯ ಬಾಟಲಿ. ಬಾಯಿಗೆ ಹಾಕಿದ ಅರಗಿನ ಮುದ್ರೆ ಇನ್ನೂ ಒಡೆದಿರಲಿಲ್ಲ. ಲಿಂಗಪೂಜೆ ಮುಗಿದ ಮೇಲೆ ಮನೆಯವರು ಅದಕ್ಕೂ ವಿಭೂತಿ ಹಚ್ಚುತ್ತಿದ್ದರು. ಅದೇ ಅರ್ಕವನ್ನು ರುದ್ರೇಶ್ ಹೊಸದಾಗಿ ಮಾರುಕಟ್ಟೆಗೆ ಬಿಡಲಿದ್ದ. ಸಮಾರಂಭ ಅಂದೇ ಸಂಜೆ. ವೇದಿಕೆಯ ನಡುವೆ ಆ ಬಾಟಲಿ ಇರಬೇಕಿತ್ತು.

ನನ್ನ ಹೆಂಡತಿ ಪಾವನಾ ಖಾಸಗಿ ಪತ್ತೇದಾರಿ. ನಾನು ತೇಜಸ್ — ಅವಳ ಸ್ಕೂಟರ್ ಓಡಿಸುವವನು, ಯಾರೂ ಕೇಳದ ಸಲಹೆ ಕೊಡುವವನು. ಪುರಸೈವಾಕ್ಕಂನ ಆ ಹಳೆಯ ಮನೆಗೆ ನಾವು ಹೋದಾಗ ಕರೆಂಟ್ ಇರಲಿಲ್ಲ. ಮೇ ತಿಂಗಳ ಸೆಖೆ. ಅಂಗಿ ಬೆನ್ನಿಗೆ ಅಂಟಿತ್ತು. ಕೂರಲಾರದೆ ಮನೆಯೆಲ್ಲ ತಿರುಗಿದೆ.

ಹಜಾರದ ಗೋಡೆಯಲ್ಲಿ ಹಳೆಯ ಜಾಹೀರಾತಿಗೆ ಕಟ್ಟು ಹಾಕಿಸಿದ್ದರು. ಗುಂಡು ಗುಂಡಾದ ಮಗುವೊಂದು ನಿದ್ದೆ ಮಾಡುತ್ತಿತ್ತು. ಕೆಳಗೆ: 'ಹಲ್ಲು ಬರುವ ಶಿಶುವಿಗೂ, ಪಿತ್ತದ ವೃದ್ಧರಿಗೂ, ನರ ಸೋತ ಗುಮಾಸ್ತರಿಗೂ ಒಂದೇ ಮದ್ದು.' ಯಾರೋ ಕಲೆಕ್ಟರರ ಪತ್ನಿಯ ಹೊಗಳಿಕೆ ಬೇರೆ. ಆ ಮಹಾತಾಯಿ ನಿಜವಾಗಿ ಇದ್ದಳೋ ಇಲ್ಲವೋ ದೇವರೇ ಬಲ್ಲ.

"ಯಾರ ಮೇಲೆ ಅನುಮಾನ?" ಪಾವನಾ ಕೇಳಿದಳು.

"ಅನುಮಾನ ಏನು ಮೇಡಂ, ಇವನೇ," ಎಂದು ರುದ್ರೇಶ್ ಅಣ್ಣನ ಕಡೆ ಬೆರಳು ತೋರಿಸಿದ. "ನಿನ್ನೆ ಎಲ್ಲರ ಮುಂದೆ ಹೇಳಿದಾನೆ, ಅದನ್ನ ಕೂವಂ ನದಿಗೆ ಎಸೀತೀನಿ ಅಂತ."

ಅಣ್ಣ ಸಿದ್ಧಲಿಂಗೇಶ್ ಡಾಕ್ಟರು. ಅವರೇನೂ ಅಲ್ಲಗಳೆಯಲಿಲ್ಲ.

"ಹೇಳಿದ್ದು ನಿಜ. ಅದರಲ್ಲಿರೋದು ಅಫೀಮು. ಆ ಕಾಲದ ಇಂಥ ಎಷ್ಟೋ ಔಷಧೀಲಿ ಅದೇ ಇರ್ತಿತ್ತು. ಆದರೆ ನಾನು ಮುಟ್ಟಿಲ್ಲ. ಲ್ಯಾಬ್‌ಗೆ ಕಳಿಸಿ ಅಂತ ಅಷ್ಟೇ ನನ್ನ ಹಟ."

"ಸುಮ್ನೆ ಪೊಯ್ ಹೇಳ್ಬೇಡ, ಎಲ್ಲಾ ಸುಳ್ಳು. ನಮ್ಮದು ಬರೀ ಗಿಡಮೂಲಿಕೆ."

"ನೀನು ಕುಡಿದು ನೋಡಿದೀಯಾ?"

ಪಾವನಾ ಕೈಯೆತ್ತಿ ಇಬ್ಬರನ್ನೂ ತಡೆದಳು. "ಹೊರಗಿನವರು ಯಾರಾದರೂ ಬಂದಿದ್ರಾ?"

"ಅಜಿತ್ ಅಂತ," ಎಂದ ರುದ್ರೇಶ್. "ಪಲ್ಲಾವರಂ ಸಂತೇಲಿ ಹಳೇ ಸಾಮಾನು ಮಾರ್ತಾನೆ. ಮುದ್ರೆ ಹಾಗೇ ಇದ್ರೆ ಕೇಳಿದಷ್ಟು ಕೊಡ್ತೀನಿ ಅಂದ. ನಿನ್ನೆ ಸಾಯಂಕಾಲ ಓಡಿಸ್ದೆ."

ರುದ್ರೇಶನ ಹೆಂಡತಿ ಬಿಂದು ಕಾಫಿ ತಂದಳು. ರಾತ್ರಿಯಿಡೀ ಎದ್ದಿದ್ದ ಕಣ್ಣು. ಮಗುವಿಗೆ ಹಲ್ಲು ಬರುತ್ತಿದೆಯಂತೆ, ವಾರದಿಂದ ಒಂದೇ ಸಮನೆ ರಂಪವಂತೆ. ಲೋಟ ಕೊಡುವಾಗ ಕಾಫಿ ನನ್ನ ಕೈಮೇಲೇ ಚೆಲ್ಲಿದಳು. ನಾನು ಪಾಪ, ನಿದ್ದೆಯಿಲ್ಲ ಎಂದುಕೊಂಡೆ. ಅಜ್ಜಿ ಶಿವಗಂಗಮ್ಮ ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು, "ಹೋದ್ರೆ ಹೋಗ್ಲಿ ಬಿಡಪ್ಪ. ಪೀಡೆ ತೊಲಗ್ತು," ಎಂದರು. ದಿನವೂ ವಿಭೂತಿ ಹಚ್ಚುವ ಕೈ ಅವರದೇ. ನನ್ನ ಅನುಮಾನ ಅಲ್ಲಿಗೇ ನೆಗೆಯಿತು.

ಪಾವನಾ ದೇವರ ಕೋಣೆಯಲ್ಲಿ ಮಂಡಿಯೂರಿದಳು. ನೆಲದ ಮೇಲೆ ಕೆಂಪು ಚೂರು.

"ಕುಂಕುಮ ಚೆಲ್ಲಿದೆ," ಎಂದೆ.

ಅವಳು ಬೆರಳಿನಿಂದ ಉಜ್ಜಿದಳು. ಬಣ್ಣ ಹತ್ತಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ನಾನೂ ಮನೆಯವರೂ ಹಿಂದೆ ಓಡಿದೆವು. ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಬೆಳ್ಳಿ ಒಳಲೆ. ಹಸುಗೂಸಿಗೆ ಔಷಧ ಕುಡಿಸುವ ಆ ಪುಟ್ಟ ಪಾತ್ರೆಯನ್ನು ನಾನು ಆಗಲೇ ನೋಡಿದ್ದೆ. ಮಗು ಇರುವ ಮನೆ, ಇರದೇ ಏನು ಎಂದು ಮುಂದೆ ಹೋಗಿದ್ದೆ.

"ಇದು ದಿನಾ ಉಪಯೋಗಿಸ್ತೀರಾ?"

"ಆ ಪಾಲಾಡೈನಾ? ಇಲ್ಲ," ಎಂದ ರುದ್ರೇಶ್. "ಈಗ ಹಾಲೆಲ್ಲಾ ಬಾಟಲೀಲೇ. ಅದು ಪೆಟ್ಟಿಗೇಲಿ ಇರುತ್ತೆ."

ಪಾವನಾಳ ಮುಖ ಬಿಳಿಚಿಕೊಂಡಿತು. "ಮಗು ಎಲ್ಲಿ?"

"ಮೇಲೆ. ಮಲಗಿದೆ. ಇವತ್ತೇ ಸ್ವಲ್ಪ—"

"ಈ ಸೆಖೆಯಲ್ಲಿ? ಫ್ಯಾನ್ ಇಲ್ಲದೆ? ಡಾಕ್ಟರೇ, ಓಡಿ!"

ಸಿದ್ಧಲಿಂಗೇಶ್ ಮೆಟ್ಟಿಲು ಹಾರಿದರು. ಕೆಳಗೆ ಬಂದಾಗ ಮಗು ಲಿಖಿತ್ ಅವರ ತೋಳಿನಲ್ಲಿ ಬಟ್ಟೆಯ ಹಾಗೆ ಜೋತು ಬಿದ್ದಿದ್ದ. ತುಟಿ ನೀಲಿ. "ಉಸಿರು ನಿಧಾನ. ಕಾರು ತೆಗೀ ರುದ್ರಾ."

ಬಿಂದು ಅಲ್ಲೇ ಕುಸಿದಳು.

ಆಸ್ಪತ್ರೆಯವರು ಮಗುವನ್ನು ಒಳಗೆ ಒಯ್ದರು, ಸಿದ್ಧಲಿಂಗೇಶ್ ಜೊತೆಗೇ ಹೋದರು. ಅಫೀಮಿನ ವಿಷ ಇಳಿಸುವ ಇಂಜೆಕ್ಷನ್ ಕೊಡುತ್ತಿದ್ದಾರೆಂದು ನರ್ಸ್ ಹೇಳಿಹೋದಳು. ಅಜ್ಜಿಯೂ ಸೇರಿ ನಾವೆಲ್ಲ ಹೊರಗೆ. ನನಗೆ ನಿಲ್ಲಲೂ ಆಗದು, ಕೂರಲೂ ಆಗದು. ರುದ್ರೇಶ್ ಗೋಡೆಗೆ ತಲೆ ಆನಿಸಿಕೊಂಡೇ ಕೇಳಿದ, "ಯಾರು ಮೇಡಂ?"

"ನೆಲದ ಮೇಲಿದ್ದದ್ದು ಕುಂಕುಮ ಅಲ್ಲ, ಅರಗು. ಬಾಟಲಿಯ ಮುದ್ರೆಯನ್ನ ಅಲ್ಲೇ ಒಡೆದು ತೆಗೆದಿದ್ದಾರೆ. ಅಜಿತ್‌ಗೆ ಮುದ್ರೆಯೇ ಬೆಲೆ, ಅವನು ಒಡೆಯೋದಿಲ್ಲ. ನಿಮ್ಮಣ್ಣನಿಗೆ ಲ್ಯಾಬ್ ಬೇಕು, ಅವರೂ ಒಡೆಯೋದಿಲ್ಲ. ನಾವೆಲ್ಲ ಬಾಟಲಿ ಯಾರಿಗೆ ಬೇಕು ಅಂತ ಯೋಚಿಸಿದ್ವಿ. ಒಳಗಿನ ಔಷಧಿ ಯಾರಿಗೆ ಬೇಕು ಅಂತ ಯಾರೂ ಕೇಳಲಿಲ್ಲ. ಒಳಲೆ ನೋಡಿದ ಮೇಲೆ ಗೊತ್ತಾಯ್ತು. ಬಿಂದು, ನೀವೇ ಅಲ್ವಾ?"

ಬಿಂದು ತಲೆಯಾಡಿಸಿದಳು. "ಬೆಳಗಿನ ಜಾವ ಕೊಟ್ಟೆ. ಸೊಲ್ಪವೇ, ಸತ್ಯಮಾ. ಅಳು ನಿಂತು ಮಲಗಿದ. ಅಷ್ಟರಲ್ಲಿ ಇವರು ಕೂಗಾಡಿದ್ರು, ಹೆದರಿಕೆ ಆಯ್ತು. ಬಾಟಲಿ ನನ್ನ ಬೀರೂಲಿದೆ. ನಾಲ್ಕು ತಲೆಮಾರಿನ ಮಕ್ಕಳನ್ನ ಮಲಗಿಸಿದ ಮದ್ದು ಅಂತ ಇವರೇ ಬರೆದಿದ್ರು. ಪೋಸ್ಟರ್‌ಗೆ ಲಿಖಿತ್ ಫೋಟೋನೇ ಹಾಕಿದ್ರು."

ರುದ್ರೇಶ್ ಅಜ್ಜಿಯ ಕಡೆ ತಿರುಗಿದ.

"ನಾಲ್ಕು ತಲೆಮಾರು ಎಲ್ಲಿಂದ ಬಂತಪ್ಪ?" ಶಿವಗಂಗಮ್ಮನ ಧ್ವನಿ ಒಡೆದಿತ್ತು. "ನಮ್ಮ ಮಾವನೋರಿಗೆ ಒಬ್ಳು ತಂಗಿ ಇದ್ಲಂತೆ, ಎದೆಹಾಲು ಕುಡಿಯೋ ಕೂಸು. ಏಕಾಂತಪ್ಪನೋರು ತಮ್ಮ ಕೈಯಾರೆ ಕುಡಿಸಿದ್ರು. ಅದು ಏಳ್ಲೇ ಇಲ್ಲ. ಅವತ್ತೇ ವ್ಯಾಪಾರ ನಿಲ್ಸಿ, ಒಂದು ಬಾಟ್ಲಿ ಮಾತ್ರ ದೇವರ ಮುಂದೆ ಇಟ್ಕೊಂಡ್ರು. ತಪ್ಪು ಮರೀಬಾರ್ದು ಅಂತ."

"ನೀವೇ ದಿನಾ ವಿಭೂತಿ ಹಚ್ತಿದ್ರಿ ಅಜ್ಜಿ," ಎಂದಳು ಬಿಂದು. "ನಾನು ತೀರ್ಥ ಅಂದ್ಕೊಂಡು ಕೊಟ್ಟೆ. ವಿಷ ಅಂತ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಮನೆ ಹೆಸರು ಹೋಗುತ್ತೆ ಅಂತ, ಕಣವ್ವ. ನಮ್ಮತ್ತೆ ಯಾರಿಗೂ ಹೇಳ್ಬೇಡ ಅಂದಿದ್ರು."

ನನಗೆ ಆ ಮುದುಕಿಯ ಮೇಲೆ ಸಿಟ್ಟು ಉಕ್ಕಿತು. ಮರುಕ್ಷಣವೇ ಅವರ ನಡುಗುವ ಗದ್ದ ಕಂಡು ಸಂಕಟವಾಯಿತು.

ಬಾಗಿಲು ತೆರೆಯಿತು. ಸಿದ್ಧಲಿಂಗೇಶ್‌ರ ಹಿಂದೆಯೇ ಲಿಖಿತ್‌ನ ಅಳು ಕೇಳಿತು. "ಕಣ್ಣು ಬಿಟ್ಟ. ಇವತ್ತು ಇಲ್ಲೇ ಇರ್ಲಿ," ಎಂದರು. ಬಿಂದು ಒಳಗೆ ಓಡಿದಳು.

ರುದ್ರೇಶನ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಸಮಾರಂಭದವರು. ಅವನು ಎತ್ತಿದ.

"ಫಂಕ್ಷನ್ ಇಲ್ಲ. ಕಾರಣವಾ? ಹುಷಾರಿಲ್ಲ ಅಂತೆಲ್ಲ ಹೇಳ್ಬೇಡಿ." ಅಜ್ಜಿಯ ಕಡೆ ಒಮ್ಮೆ ನೋಡಿದ. "ನಮ್ಮ ಔಷಧಿ ಕುಡಿದು ನನ್ನ ಮಗ ಆಸ್ಪತ್ರೇಲಿದ್ದಾನೆ. ಹಾಗಂತಲೇ ಹೇಳಿ. ಎಲ್ಲರಿಗೂ ಹೇಳಿ."