ಎಡತೋಳಿನ ಮೇಲೆ ನಾಲ್ಕು ಬೆರಳು

"ಕೈ ಎತ್ತಿ... ಇನ್ನೂ ಸ್ವಲ್ಪ. ಭುಜದ ಮಟ್ಟಕ್ಕೆ. ಹಾಂ, ಅಲ್ಲೇ ಇರ್ಲಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಹೇಮಶ್ರೀಗೆ!

ಎದುರಿಗೆ ಕ್ಯಾಮೆರಾ ಹಿಡಿದು ನಿಂತವನು ಮಹದೇವಪ್ರಸಾದ್. ಕುಂಬಾರಕೊಪ್ಪಲಿನಲ್ಲಿ ಅವನದೊಂದು ಪುಟ್ಟ ಸ್ಟುಡಿಯೋ. ವಾರಕ್ಕೆರಡು ದಿನ ಜಯಲಕ್ಷ್ಮಿಪುರಂನ ಈ ಸ್ಕಿನ್ ಕ್ಲಿನಿಕ್ಕಿಗೆ ಬಂದು, ಚಿಕಿತ್ಸೆಗೆ ಮೊದಲು ಪೇಷಂಟ್‌ಗಳ ಫೋಟೋ ತೆಗೆದುಕೊಡುತ್ತಿದ್ದ. ಮುಖ ಬರಕೂಡದು. ಬರೀ ತೋಳು, ಬರೀ ಹೊಟ್ಟೆ, ಅದು ಕ್ಲಿನಿಕ್ಕಿನ ಕಾನೂನು. 2005ನೇ ಇಸವಿಯಾದರೂ ಅವನದಿನ್ನೂ ರೋಲ್ ಹಾಕೋ ಕ್ಯಾಮೆರಾ.

ಹೇಮಶ್ರೀಗೆ ಮೂವತ್ತನಾಲ್ಕು. ಶುಗರ್ ಬಂತು ಅಂತ ಹೆದರಿ ಎರಡೇ ವರ್ಷದಲ್ಲಿ ಮೂವತ್ತೆಂಟು ಕೆಜಿ ಇಳಿಸಿದ ಛಲಗಾರ್ತಿ. ತೂಕ ಹೋಯಿತು... ಚರ್ಮ ಹೋಗಲಿಲ್ಲ! ತೋಳಿನ ಕೆಳಗೆ ಖಾಲಿ ಚೀಲದ ಹಾಗೆ ಜೋತುಬಿತ್ತು. ಕಾಲೇಜು ಲೈಬ್ರರಿಯಲ್ಲಿ ಅವಳ ಕೆಲಸ. ಮೇಲಿನ ಕಪಾಟಿನ ಪುಸ್ತಕಕ್ಕೆ ಕೈ ಎತ್ತಿದಾಗ ಇಬ್ಬರು ಹುಡುಗಿಯರು ಕಿಸಕ್ಕೆಂದರು, ನೋಡಿ... ಅವತ್ತಿನಿಂದ ಏಪ್ರಿಲ್ ಸೆಕೆಯಲ್ಲೂ ಫುಲ್ ಸ್ಲೀವ್ ರವಿಕೆ.

"ನಾಚ್ಕೋಬೇಡಿ ಮೇಡಂ," ಅಂದ ಪ್ರಸಾದ್, ರೋಲ್ ತಿರುಗಿಸುತ್ತಾ. "ನಮ್ಮಜ್ಜಿ ತೋಳೂ ಹಿಂಗೇ ಇತ್ತು. ಅದಕ್ಕಿಂತ ಒಳ್ಳೆ ತಲೆದಿಂಬು ನಾನಂತೂ ಕಾಣೆ!"

ಸಿಟ್ಟು ಬರಬೇಕಿತ್ತು. ಅವಳು ನಕ್ಕುಬಿಟ್ಟಳು! ಶಾಲು ಹೊದ್ದು "ಆಯ್ತು" ಅನ್ನುವವರೆಗೂ ಅವನು ಗೋಡೆಗೆ ಮುಖಮಾಡಿ ನಿಂತಿದ್ದ. ಅದೇ ನೋಡಿ, ಎದೆಯೊಳಗೆ ಎಲ್ಲೋ ತಟ್ಟಿದ್ದು.

ಡಾಕ್ಟರ್ ರಮಾಮಣಿ ಎರಡು ದಾರಿ ಹೇಳಿದರು. "ಒಂದು, ಮೆಷಿನ್ನಲ್ಲಿ ಬಿಸಿ ಕೊಟ್ಟು ಚರ್ಮ ಬಿಗಿ ಮಾಡೋದು. ಆರು ಸಲ ಬರ್ಬೇಕು. ಕಲೆ ಇರಲ್ಲ. ಆದ್ರೆ ನಿಮ್ಮಷ್ಟು ಜೋತಿರೋರಿಗೆ ಫಲ ಅಷ್ಟಕ್ಕಷ್ಟೇ. ಇನ್ನೊಂದು ಆಪರೇಷನ್. ಚರ್ಮ ಕತ್ತರಿಸಿ ಹೊಲಿಗೆ ಹಾಕ್ತೀವಿ. ಕಂಕುಳಿಂದ ಮೊಣಕೈವರೆಗೂ ಗೆರೆ ಉಳಿಯುತ್ತೆ. ಯೋಚ್ನೆ ಮಾಡಿ."

"ಯೋಚ್ನೆ ಏನೂ ಇಲ್ಲ. ಆಪರೇಷನ್ನೇ. ಕತ್ತರಿಸಿದ್ದನ್ನ... ಏನ್ಮಾಡ್ತೀರಿ ಡಾಕ್ಟ್ರೇ?"

"ಸುಟ್ಟುಹಾಕ್ತಾರೆ."

ತಕ್ಷಣ ಎಡತೋಳನ್ನು ಯಾರೋ ಗಟ್ಟಿಯಾಗಿ ಹಿಡಿದ ಹಾಗಾಯಿತು!

ಬೆಚ್ಚಿ ತಿರುಗಿದಳು. ಪಕ್ಕದ ಕುರ್ಚಿ ಖಾಲಿ.

ಇದು ಮೊದಲ ಸಲವಲ್ಲ. ಒಂದು ತಿಂಗಳಿಂದ ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ತೋಳು ತಣ್ಣಗಾಗುತ್ತಿತ್ತು. ಆಮೇಲೆ ಪುಟ್ಟ ಪುಟ್ಟ ಬೆರಳುಗಳು ಜೋತ ಚರ್ಮವನ್ನು ಮೆಲ್ಲಗೆ ಹಿಸುಕಿ ಬಿಟ್ಟ ಹಾಗೆ, ಮತ್ತೆ ಹಿಸುಕಿದ ಹಾಗೆ... ರವಿಕೆ ತೋಳು ಮಡಚಿ ನೋಡಿದರೆ ತುಸು ಕೆಂಪು, ಅಷ್ಟೇ. 'ನರದ ಸೆಳೆತ ಇರ್ಬೇಕು' ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ನಂಬಿರಲಿಲ್ಲ.

ಮುಂದಿನ ವಾರ ಕ್ಲಿನಿಕ್ಕಿನಿಂದ ಫೋನು. "ಎಡಗೈ ಫೋಟೋ ಸರಿಯಾಗಿ ಬಂದಿಲ್ವಂತೆ, ಬನ್ನಿ." ಹೋದಳು. ಅದರ ಮುಂದಿನ ವಾರ ಮತ್ತೆ ಅದೇ. ಮತ್ತೆ ಹೋದಳು... ಸುಳ್ಳೇಕೆ, ತಲೆಗೆ ಮಲ್ಲಿಗೆ ಮುಡಿದುಕೊಂಡೇ ಹೋದಳು! ಆದರೆ ಪ್ರಸಾದನ ಮುಖದಲ್ಲಿ ನಗುವಿರಲಿಲ್ಲ. ಕ್ಲಿಕ್ ಆದದ್ದೇ ತಡ, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ.

ಮತ್ತೂ ಒಂದು ಸಲ ಫೋನ್ ಬಂದು ಹೋದಾಗ ಬಾಗಿಲಾಚೆಯಿಂದಲೇ ಅವನ ದನಿ ಕೇಳಿಸಿತು. ನರ್ಸ್ ಪ್ರೇಮಲೀಲಾಗೆ ಹೇಳುತ್ತಿದ್ದ:

"ಆ ಹೇಮಶ್ರೀ ಮೇಡಂ ಎಡಗೈ ಫೋಟೋ ನನ್ನ ಕೈಲಿ ತೆಗೆಯಕ್ಕಾಗಲ್ಲ ಸಿಸ್ಟರ್. ನೋಡಿದ್ರೆ ಮೈ ಜುಂ ಅನ್ನುತ್ತೆ. ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ."

ಅಯ್ಯೋ!

ನೋಡಿದರೆ ಮೈ ಜುಂ ಅನ್ನುವಷ್ಟು ಅಸಹ್ಯವೇ ನಾನು? ಲೈಬ್ರರಿ ಹುಡುಗಿಯರು ನಕ್ಕಿದ್ದು ಇಷ್ಟು ನೋಯಿಸಿರಲಿಲ್ಲ. ಅವಳು ಬಂದ ದಾರಿಯಲ್ಲೇ ವಾಪಸ್ ನಡೆದಳು. ಕಣ್ಣೀರಿಗೆ ರಸ್ತೆಯೇ ಕಾಣಲಿಲ್ಲ.

ಆಪರೇಷನ್‌ಗೆ ಎರಡೇ ದಿನ ಉಳಿದಾಗ, ಮಧ್ಯಾಹ್ನ ನೆಟ್ಟಗೆ ಅವನ ಸ್ಟುಡಿಯೋ ಬಾಗಿಲಲ್ಲಿ ನಿಂತಳು.

"ನನ್ನ ಫೋಟೋ, ನೆಗೆಟಿವ್, ಎಲ್ಲಾ ಕೊಟ್ಬಿಡಿ. ಮೈ ಜುಂ ಅನ್ನೋದನ್ನ ಇಟ್ಕೊಂಡು ಏನ್ಮಾಡ್ತೀರಿ?"

ಪ್ರಸಾದನ ಮುಖ ಬಿಳಿಚಿಕೊಂಡಿತು. "ಕೇಳಿಸ್ಕೊಂಡ್ರಾ... ಅದು ಹಂಗಲ್ಲ ಕಣ್ರೀ. ಮೊದ್ಲು ಕೂತ್ಕೊಳ್ಳಿ. ಕೂತ್ಕೊಂಡು ನೋಡಿ."

ಲಕೋಟೆಯಿಂದ ಎರಡು ಪ್ರಿಂಟ್ ತೆಗೆದು ಮುಂದಿಟ್ಟ.

ಮೊದಲನೆಯದರಲ್ಲಿ, ಚಾಚಿದ ಎಡತೋಳಿನ ಜೋತ ಚರ್ಮದಲ್ಲಿ ನಾಲ್ಕು ಪುಟ್ಟ ಕುಳಿಗಳು. ಎರಡನೆಯದರಲ್ಲಿ ಕುಳಿ ಇನ್ನೂ ಆಳ. ಒಂದು ಮಗು ಬಿಗಿಯಾಗಿ ಹಿಡಿದು ಜೋತುಬಿದ್ದರೆ ಹೇಗೋ ಹಾಗೆ... ಚರ್ಮ ಕೆಳಕ್ಕೆ ಎಳೆದುಕೊಂಡಿತ್ತು. ಫೋಟೋದಲ್ಲಿ ಅವಳ ತೋಳು ಬಿಟ್ಟರೆ ಬೇರೇನೂ ಇರಲಿಲ್ಲ!

"ಕ್ಯಾಮೆರಾದಲ್ಲಿ ನೋಡೋವಾಗ ಏನೂ ಇರ್ಲಿಲ್ಲ," ಅಂದ ಮೆಲ್ಲಗೆ. "ರೋಲ್ ತೊಳೆದಾಗ ಬಂತು. ನಿಮ್ಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಹೇಮಶ್ರೀ ಕೊನೆಯ ಕುಳಿಯನ್ನೇ ನೋಡುತ್ತಿದ್ದಳು. ಕಿರುಬೆರಳಿನದು. ಅದು ಸೊಟ್ಟಗಿತ್ತು.

"ಅಚ್ಚು..."

"ಯಾರು?"

"ಅಕ್ಷತಾ. ನನ್ನ ತಂಗಿ. ಕಿರುಬೆರಳು ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು." ಅವಳ ದನಿ ಒಡೆಯಿತು. "ಅವಳನ್ನ ಹೆತ್ತ ದಿನವೇ ಅಮ್ಮ ಹೋದ್ರು. ನಾನೇ ಸಾಕಿದ್ದು. ನಾನು ಆಗ್ಲೇ ಡುಮ್ಮಿ... ನನ್ನ ಎಡತೋಳು ಹಿಸುಕ್ತಾ ಇದ್ರೇನೇ ಅವಳಿಗೆ ನಿದ್ದೆ. ಐದು ವರ್ಷ ಆಗಿದ್ದಾಗ ಜ್ವರ ಬಂತು. ಮೇ ತಿಂಗಳು, ಮಧ್ಯಾಹ್ನ. ಕೆಂಡದಂಥ ಕೈ. ರಾತ್ರಿಯೆಲ್ಲಾ ಎದ್ದಿದ್ದೆ ನಾನು. 'ಬಿಡೇ ಅಚ್ಚು, ಸೆಕೆ!' ಅಂತ ಕೊಡವಿ ಆ ಕಡೆ ತಿರುಗಿ ಮಲಗ್ಬಿಟ್ಟೆ. ಮೂರು ಗಂಟೆಗೆ ಎಚ್ಚರ ಆದಾಗ ಆ ಕೈ ತಣ್ಣಗಾಗಿತ್ತು."

ಇದನ್ನವಳು ಹದಿನಾರು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

"ಅವತ್ತು ಕೊಡವಿದ್ದೆ. ನಾಳಿದ್ದು ಕತ್ತರಿಸಿ ಸುಡಿಸ್ತಿದ್ದೀನಿ! ಅದಕ್ಕೇ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ಮಗು..."

ಪ್ರಸಾದ್ ಗೋಡೆ ಗಡಿಯಾರ ನೋಡಿದ. ಮೂರಕ್ಕೆ ಐದು ನಿಮಿಷ. ಅವನಿಗೂ ಭಯವೇ. ಆದರೂ ಸ್ಟೂಲು ಎಳೆದುಕೊಂಡು ಅವಳ ಬಲಗಡೆ ಕೂತ.

"ರವಿಕೆ ತೋಳು ಮೇಲಕ್ಕೆ ಮಡಚಿ. ಇವತ್ತು ಕೊಡವಬೇಡಿ. ನಾನಿಲ್ಲೇ ಇರ್ತೀನಿ."

ಫ್ಯಾನು ತಿರುಗುತ್ತಿದ್ದರೂ ಗಾಳಿ ನಿಂತ ಹಾಗಾಯಿತು. ಅವಳ ತೋಳಿನ ರೋಮ ಎದ್ದು ನಿಂತಿತು. ಪ್ರಸಾದನ ಕಣ್ಣೆದುರಿಗೇ ಆ ಜೋತ ಚರ್ಮ ತನ್ನಷ್ಟಕ್ಕೆ ತಾನೇ ಕುಳಿಬಿತ್ತು. ಒಂದು... ಎರಡು... ಮೂರು... ನಾಲ್ಕು.

ಹೇಮಶ್ರೀ ಕಣ್ಣು ಮುಚ್ಚಿದಳು. "ಹಿಡ್ಕೋ ಅಚ್ಚು. ಎಷ್ಟೊತ್ತು ಬೇಕೋ ಹಿಡ್ಕೋ ಕಂದಾ. ಅಕ್ಕ ಆ ಕಡೆ ತಿರುಗಲ್ಲ. ತಪ್ಪಾಯ್ತು ಕಣೇ... ತಪ್ಪಾಯ್ತು."

ಅವಳ ಬಲಗೈ ಪ್ರಸಾದನ ಅಂಗೈಯಲ್ಲಿತ್ತು. ಯಾವಾಗ ಹಿಡಿದನೋ ಇಬ್ಬರಿಗೂ ಗೊತ್ತಿಲ್ಲ! ಕುಳಿಗಳು ಮೂಡಿದವು, ಮಾಸಿದವು, ಮತ್ತೆ ಮೂಡಿದವು. ಬರುಬರುತ್ತಾ ನಿಧಾನವಾದವು. ಕೊನೆಗೆ ನಿದ್ದೆಗೆ ಜಾರುವ ಮಗುವಿನ ಒಂದು ನಿಟ್ಟುಸಿರು ಇಬ್ಬರ ಕಿವಿಗೂ ಬಿತ್ತು.

ಚರ್ಮದ ಮೇಲಿನ ಹಿಡಿತ ಸಡಿಲವಾಯಿತು.

ಅವನೇ ಮೊದಲು ಬಾಯಿಬಿಟ್ಟ. "ಹೇಮಶ್ರೀ ಅವ್ರೇ, ಇದು ಹೇಳೋ ಹೊತ್ತಲ್ಲ. ಹೇಳದಿದ್ರೆ ಇನ್ಯಾವಾಗ್ಲೂ ಹೇಳಲ್ಲ. ನಂಗೆ ನೀವು ಬೇಕು. ತೋಳು ಬಿಗಿ ಮಾಡಿಸ್ಕೊಳ್ಳಿ, ಹಂಗೇ ಬಿಡಿ, ಅದು ನಿಮ್ಮಿಷ್ಟ. ನಾನು ನೋಡಿ ಮನಸೋತಿದ್ದು ನಿಮ್ಮ ನಗು."

"ಮುಖದ ಫೋಟೋ ತೆಗೆಯೋಕೆ ನಿಮಗೆ ಅನುಮತಿ ಇರ್ಲಿಲ್ವಲ್ಲ!" ಅಳುತ್ತಲೇ ನಕ್ಕಳು.

"ಈಗ ಇದ್ಯಾ?"

ಅವಳು ತಲೆಯಾಡಿಸಿದಳು. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಟೈಮರ್ ಇಟ್ಟು, ಓಡಿಬಂದು ಪಕ್ಕದಲ್ಲಿ ಕೂತ.

ಅವತ್ತೇ ಸಂಜೆ ಕ್ಲಿನಿಕ್ಕಿಗೆ ಫೋನ್ ಮಾಡಿ ಆಪರೇಷನ್ ಮುಂದೂಡಿದಳು. ನಾಲ್ಕನೇ ದಿನ ಪ್ರಿಂಟ್ ಬಂತು. ಇಬ್ಬರೂ ಬಗ್ಗಿ ನೋಡಿದರು. ಹೇಮಶ್ರೀಯ ಎಡತೋಳಿನ ಮೇಲೆ ಏನೂ ಇರಲಿಲ್ಲ. ಒಂದು ಗುರುತೂ ಇಲ್ಲ.

ಆದರೆ ಫೋಟೋದಲ್ಲಿ ಪ್ರಸಾದನ ಅಂಗಿಯ ತೋಳು ಮುದುರಿಕೊಂಡಿತ್ತು. ನಾಲ್ಕು ಪುಟ್ಟ ಸುಕ್ಕು. ಕೊನೆಯದು ಸೊಟ್ಟ.

ಅವನು ತನ್ನ ತೋಳು ಸವರಿಕೊಂಡ. "ಎರಡು ದಿನದಿಂದ... ಮೂರು ಗಂಟೆ ಆಯ್ತು ಅಂದ್ರೆ ಈ ತೋಳು ತಣ್ಣಗಾಗುತ್ತೆ. ನಿಮ್ಗೆ ಹೇಳೋಣ ಅಂತಾನೇ ಇದ್ದೆ."

ಹೇಮಶ್ರೀಯ ಕಣ್ಣು ತುಂಬಿಬಂತು. ಹಿಡಿದುಕೊಳ್ಳಲು ಅಚ್ಚುಗೆ ಇನ್ನೊಂದು ತೋಳು ಸಿಕ್ಕಿತ್ತು!

"ಹಂಗಾದ್ರೆ ಇನ್ನು ನಿಮ್ಮ ತೋಳು ನಿಮ್ಮದೇ," ಅಂದ ಅವನು. "ಯಾವ್ದು ಮಾಡಿಸ್ಕೋತೀರಿ? ಮೆಷಿನ್ನೋ, ಆಪರೇಷನ್ನೋ?"

"ಎರಡೂ ಬೇಡ. ನಿಮ್ಮ ಹತ್ರ ಬೇಜಾರಾಗಿ ವಾಪಸ್ ಬಂದ್ರೆ, ಹಿಡ್ಕೊಳ್ಳೋಕೆ ಮಗುಗೆ ಏನಾದ್ರೂ ಬೇಡ್ವಾ?"

ಗಡಿಯಾರ ಮೂರು ಹೊಡೆಯಿತು. ಪ್ರಸಾದನ ಅಂಗಿಯ ತೋಳು ಮೆಲ್ಲಗೆ ಮುದುರಿಕೊಂಡಿತು.

"ಹೆದರಿಕೆ ಆಗ್ತಿದ್ಯಾ?" ಕೇಳಿದಳು, ಅವನ ಇನ್ನೊಂದು ಕೈ ಹಿಡಿದು.

"ಆಗ್ತಿದೆ ಕಣ್ರೀ... ಆದ್ರೆ ಕೊಡವಲ್ಲ."