ಇನ್ನೈದು ನಿಮಿಷ

"ಗಾಳಿ ಅನ್ನಿ ಮೇಡಂ!"

ಹಗ್ಗದ ಮೇಲಿನ ತುದಿಯಲ್ಲಿ ಅವನು. ಕೆಳಗಿನ ತುದಿಯಲ್ಲಿ ನಾನು.

"ನೀವು ಕೇಳಿದ್ದು ಬರೀ ಗಾಳಿ. ಅಷ್ಟು ಹೇಳಿ ಸಾಕು. ಮೇಲಕ್ಕೆ ಎಳ್ಕೋತೀನಿ."

ನನ್ನ ಎದೆ ಹಿಮದ ಗೋಡೆಗೆ ಒತ್ತಿಕೊಂಡಿತ್ತು. ಬೂಟಿನ ಮುಂದಿನ ಎರಡು ಮುಳ್ಳುಗಳು ಮಾತ್ರ ಮಂಜಿನಲ್ಲಿ ನಾಟಿದ್ದವು. ಅದರ ಕೆಳಗೆ... ಕೆಳಗೆ ನೋಡಬೇಡಿ ಎಂದು ಬೆಳಗ್ಗೆಯೇ ಹೇಳಿದ್ದರು. ನೋಡಿದೆ. ಮೋಡದ ಬೆನ್ನು ಕಾಣಿಸಿತು. ವಿಮಾನದಲ್ಲಿ ಕೂತು ನೋಡುವವರಿಗೆ ಅದು ಚೆಂದ. ನನಗಲ್ಲ!

ಅವನ ಕೈಯಲ್ಲಿ ಚಾಕು ಇತ್ತು. ಸಣ್ಣದು. ಹಣ್ಣು ಹೆಚ್ಚುವಂಥದ್ದು.

ಹಗ್ಗಕ್ಕೆ ಅಷ್ಟು ಧಾರಾಳವಾಗಿ ಸಾಕು.

ಮೂಗಿನ ಮುಂದೆಯೇ ನನ್ನ ಮುಂಗೈ. ಗಡಿಯಾರ ನೋಡಿದೆ. ಒಂದು ಗಂಟೆ ಒಂದು ನಿಮಿಷ.

ಇನ್ನು ನಾಲ್ಕು ನಿಮಿಷ ಬದುಕಿರಬೇಕು. ನಾಲ್ಕೇ ನಿಮಿಷ! ಆಮೇಲೆ ಯಾರೂ ಅದನ್ನು ಗಾಳಿ ಎನ್ನಲಾರರು.

ಯಾಕೆ ಅಂತೀರಾ? ಹೇಳುತ್ತೇನೆ. ನಿಮ್ಮ ಟೀ ಆರಿಹೋಗುತ್ತಿದೆ, ಕುಡಿಯಿರಿ.

ಕಾಣೆಯಾದವರನ್ನು ಹುಡುಕುವುದು ನನ್ನ ಕೆಲಸ. ಬಾಗಿಲ ಬೋರ್ಡು ಓದಿಕೊಂಡೇ ಒಳಗೆ ಬಂದಿದ್ದೀರಿ. ಓಡಿಹೋದ ಗಂಡಂದಿರು, ಮುನಿಸಿಕೊಂಡು ಹೋದ ಅತ್ತಿಗೆಯರು, ಹೆಸರು ಬದಲಿಸಿಕೊಂಡ ಪಾರ್ಟ್‌ನರ್‌ಗಳು... ಇಪ್ಪತ್ತು ವರ್ಷದಲ್ಲಿ ಎಲ್ಲರನ್ನೂ ಸಮತಟ್ಟು ನೆಲದ ಮೇಲೆಯೇ ಹುಡುಕಿದ್ದೇನೆ. ನನ್ನ ಮಂಡಿಗಳಿಗೆ ಅದೇ ಒಗ್ಗುವುದು.

ಹೋದ ವರ್ಷ ನೀವು ಕೂತಿರುವ ಕುರ್ಚಿಯಲ್ಲೇ ಅವಳು ಕೂತಿದ್ದಳು. ಗೈಡಮ್ಮ. ಎಲ್ಲರೂ ಹಾಗೇ ಕರೆಯುತ್ತಾರೆ. ಬೆಟ್ಟದ ಬುಡದ ಊರು. ಮೂವತ್ತರ ಆಸುಪಾಸು. ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಜನರನ್ನು ಬೆಟ್ಟ ಹತ್ತಿಸಿ ಇಳಿಸುವುದೇ ಅವರ ಮನೆತನದ ಕೆಲಸ.

"ನನ್ನ ತಮ್ಮ ಕಾಣ್ತಿಲ್ಲ ಅಕ್ಕಾ."

"ಕೊನೆಗೆ ನೋಡಿದ್ದು ಯಾರು?"

"ಅವನ ಗಿರಾಕಿ. ಶಿಖರ ಸಾರ್."

ಶಿಖರ ಸಾರ್ ಯಾರೆಂದು ನಾನು ಕೇಳಲಿಲ್ಲ. 'ಶಿಖರದ ತುದಿಯಲ್ಲಿ' ಎಂಬ ಬರಹದ ಕೆಳಗೆ ಕಲ್ಲೊಂದರ ಮೇಲೆ ಕಾಲಿಟ್ಟು ನಗುವ ಅವನ ಪೋಸ್ಟರ್ ಅರ್ಧ ಊರಿನ ಗೋಡೆಗಳ ಮೇಲಿತ್ತು. ಕಂಪನಿಗಳಲ್ಲಿ, ಕಾಲೇಜುಗಳಲ್ಲಿ ಭಾಷಣ ಮಾಡುವವನು. ಕೊನೆಯ ಮಾತು ಯಾವಾಗಲೂ ಒಂದೇ. "ನನ್ನ ಗೈಡ್ ನನ್ನನ್ನು ನಡುದಾರಿಯಲ್ಲಿ ಬಿಟ್ಟು ಓಡಿಹೋದ. ನಾನು ಒಬ್ಬನೇ ಶಿಖರ ಮುಟ್ಟಿದೆ. ಒಬ್ಬನೇ ಇಳಿದೆ!"

ಚಪ್ಪಾಳೆಯೋ ಚಪ್ಪಾಳೆ.

ಆ ಚಪ್ಪಾಳೆ ಗೈಡಮ್ಮನ ಮನೆಯ ಮೇಲೆ ಕಲ್ಲಿನ ಹಾಗೆ ಬಿದ್ದಿತ್ತು. ಬಿಟ್ಟು ಓಡಿದವನ ಅಕ್ಕನ ಹಗ್ಗ ಹಿಡಿದು ಯಾರು ಬೆಟ್ಟ ಹತ್ತುತ್ತಾರೆ?

ನಾನು ಆ ಮನೆಗೆ ಹೋದೆ. ಒಂದೇ ಕೋಣೆ. ಗೋಡೆಯ ಗೂಟಗಳಿಗೆ ಒಣಗಲು ಹಾಕಿದ ಹಗ್ಗಗಳು. ಬಾಗಿಲ ಹತ್ತಿರ ಅಳತೆಯ ಪ್ರಕಾರ ಜೋಡಿಸಿಟ್ಟ ಬೂಟುಗಳು. ನಡುವೆ ತಾಯಿ. ಮಡಿಲ ತುಂಬ ಹರಿದ ಡೇರೆ, ಕೈಯಲ್ಲಿ ದಪ್ಪ ಸೂಜಿ. ಡೇರೆ, ಚೀಲ ಹೊಲಿಯುವುದು ಆಕೆಯ ಕೆಲಸ.

"ಗುರುತು ಹೇಳಿ ಅಮ್ಮಾ," ಎಂದೆ.

"ಎಡಗೈಯಲ್ಲಿ ಗಡಿಯಾರ. ಪಟ್ಟಿ ಕಿತ್ತುಹೋಗಿತ್ತು. ಡೇರೆಯ ಕೆಂಪು ಬಟ್ಟೇಲಿ ನಾನೇ ಹೊಲಿದುಕೊಟ್ಟೆ. ಎರಡು ಸುತ್ತು ಹೊಲಿಗೆ."

ಆಮೇಲೆ ಸೂಜಿ ನಿಲ್ಲಿಸಿದಳು.

"ಅವನು ಓಡಿಹೋಗಿದ್ರೆ ಎಲ್ಲೋ ಬದುಕಿದ್ದಾನೆ. ಓಡಿಹೋಗಿಲ್ಲ ಅಂದ್ರೆ..." ದಾರವನ್ನು ಹಲ್ಲಿನಿಂದ ಕಡಿದಳು. "ನಾನು ಯಾವುದನ್ನ ಬೇಡ್ಕೊಳ್ಳಲಿ ಹೇಳು ಮಗಳೇ?"

ನನಗೂ ಒಬ್ಬ ಮಗ ಇದ್ದಾನೆ. ಹೊರಗೆ ಬಂದವಳೇ ಅವನಿಗೆ ಸುಮ್ಮಸುಮ್ಮನೆ ಮೂರು ಸಲ ಫೋನ್ ಮಾಡಿದೆ. "ಏನಮ್ಮಾ, ಏನಾಯ್ತು ನಿಂಗೆ?" ಎಂದು ಬೈದ. ಬೈಸಿಕೊಂಡೆ. ಹಿತವಾಗಿತ್ತು.

ಬಸ್ ಸ್ಟ್ಯಾಂಡಿನವರೆಗೆ ಗೈಡಮ್ಮ ಜೊತೆಗೆ ಬಂದಳು.

"ಒಂದು ವಿಷಯ ಅಕ್ಕಾ. ಒಂದೂವರೆಗೆ ನಡುದಾರಿಯ ಆ ಏಣಿನ ಮೇಲೆ ನನ್ನ ತಮ್ಮ ಬಿಟ್ಟುಹೋದ ಅಂತಾರಲ್ಲ, ಅದು ಸುಳ್ಳು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗಬೇಕು. ಶಿಖರ ಹತ್ತು ಹೆಜ್ಜೆ ಇದ್ರೂ ಅಷ್ಟೇ. ಆಮೇಲೆ ಹವಾ ಕೆಡುತ್ತೆ. ಇದು ನಮ್ಮ ಮನೆ ನಿಯಮ."

"ಗಿರಾಕಿಗಳು ಕೇಳ್ತಾರಾ?"

"ಎಲ್ಲಿ! ಎಲ್ಲರದ್ದೂ ಒಂದೇ ರಾಗ. ಇನ್ನೈದು ನಿಮಿಷ, ಇನ್ನೈದು ನಿಮಿಷ! ಅದಕ್ಕೇ ತಮ್ಮ ಗಡಿಯಾರಕ್ಕೆ ಹಾಗೇ ಅಲಾರಂ ಇಟ್ಟಿದ್ದ. ಒಂದಕ್ಕೆ ಕೂಗುತ್ತೆ. ಒತ್ತಿ ಆಫ್ ಮಾಡದಿದ್ರೆ ಐದು ನಿಮಿಷಕ್ಕೆ ಮತ್ತೆ ಕೂಗುತ್ತೆ. ಹೀಗೆ ಏಳು ಸಲ. ಮಾರನೇ ದಿನ ಮತ್ತೆ ಒಂದಕ್ಕೆ."

ಆಗ ನಾನು ಅದನ್ನು ಕಿವಿಗೆ ಹಾಕಿಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ.

ಏಳು ತಿಂಗಳು ಹುಡುಕಿದೆ. ಲಾಡ್ಜುಗಳು, ಬಂದರುಗಳು, ಕಟ್ಟಡ ಕೆಲಸದ ಶೆಡ್ಡುಗಳು. ಕೆಂಪು ಪಟ್ಟಿಯ ಗಡಿಯಾರ ಎಲ್ಲೂ ಇಲ್ಲ. ನಡುವೆ ಎರಡು ಫೋನ್ ಬಂದವು. "ಕೇಸ್ ಬಿಡಿ ಮೇಡಂ. ನಿಮ್ಮ ಮಗ ಯಾವ ಬಸ್ಸಿಗೆ ಹೋಗ್ತಾನೆ ಅಂತ ಗೊತ್ತು." ಹೆದರಿದೆ. ಮಗನನ್ನು ಅಜ್ಜಿಯ ಮನೆಗೆ ಕಳಿಸಿದೆ. ಕೇಸ್ ಬಿಡಲಿಲ್ಲ. ಓಡಿಹೋದವನನ್ನು ಹುಡುಕಿದರೆ ಇನ್ನೊಬ್ಬರಿಗೆ ಯಾಕೆ ಉರಿ?

ಗೈಡಮ್ಮನಿಗೆ ಹೇಳಿದೆ. "ಕೆಳಗೆಲ್ಲ ಮುಗೀತು."

"ಹಾಗಾದ್ರೆ ಮೇಲೆ," ಎಂದಳು. "ಈ ವರ್ಷ ಹಿಮ ಕಡಿಮೆ ಬಿದ್ದಿದೆ."

ಸುದ್ದಿ ಹೇಗೋ ಹೊರಬಿತ್ತು. ಎರಡೇ ದಿನಕ್ಕೆ ಶಿಖರ ಸಾರ್ ಪೇಪರಿನವರ ಮುಂದೆ ನಿಂತ. "ನಾನೂ ಹೋಗ್ತೀನಿ. ಅವನು ನನ್ನ ಬಿಟ್ಟುಹೋದ ಜಾಗ ನಾನೇ ತೋರಿಸ್ತೀನಿ."

"ಬೇಡ ಅನ್ನು," ಎಂದೆ ಗೈಡಮ್ಮನಿಗೆ.

"ಬರಲಿ ಅಕ್ಕಾ. ಯಾವ ಕಡೆ ಕೈ ತೋರಿಸ್ತಾರೋ ನೋಡಬೇಕು."

ಹೀಗೆ ನಾಲ್ವರಾದೆವು. ಮುಂದೆ ಗೈಡಮ್ಮ. ಅವಳ ಹಿಂದೆ ನಾನು. ನನ್ನ ಹಿಂದೆ ಶಿಖರ ಸಾರ್. ಕೊನೆಯಲ್ಲಿ ಮಾವ, ಗೈಡಮ್ಮನ ಸೋದರಮಾವ. ಅರವತ್ತು ದಾಟಿದ ಗೈಡ್. ಹಲ್ಲು ನಾಲ್ಕೇ, ಮಾತು ನಲವತ್ತು.

"ಮೇಡಂ, ಉಸಿರು ಬಾಯಲ್ಲಿ ಬಿಡಬೇಡಿ, ಮೂಗಲ್ಲಿ ಬಿಡಿ. ಬಾಯಿ ನಂಗೆ ಬಿಟ್ಟುಬಿಡಿ!"

ನಾಲ್ಕು ದಿನ ಹತ್ತಿದೆವು. ಮೂರನೆಯ ಕ್ಯಾಂಪಿನಲ್ಲಿ ಶಿಖರ ಸಾರ್ ನನ್ನ ಪಕ್ಕ ಬಂದು ಕೂತ. ಮೆಲ್ಲಗೆ ಹೇಳಿದ.

"ಎತ್ತರದಲ್ಲಿ ಜನಕ್ಕೆ ಇಲ್ಲದ್ದೆಲ್ಲ ಕಾಣುತ್ತೆ ಮೇಡಂ. ಹುಷಾರಾಗಿರಿ."

"ನೆಲದ ಮೇಲೂ ಕೆಲವರಿಗೆ ಹಾಗೇ," ಎಂದೆ. "ಮೈಕ್ ಕೊಟ್ಟರೆ."

ಅವನು ಎದ್ದು ತನ್ನ ಡೇರೆಗೆ ಹೋದ.

ಐದನೆಯ ದಿನ ಶಿಖರದ ದಿನ. ಅವತ್ತು ಗೈಡಮ್ಮ ಆಮೆಯ ಹಾಗೆ ನಡೆದಳು. ನೂರು ಹೆಜ್ಜೆಗೊಮ್ಮೆ ನಿಲ್ಲುವಳು. "ಬೂಟಿನ ದಾರ ಬಿಗಿ ಮಾಡ್ಕೊಳ್ಳಿ." ಮತ್ತೆ ನಿಲ್ಲುವಳು. "ನೀರು ಕುಡೀರಿ." ನನ್ನ ಮೇಲಿನ ಕನಿಕರ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಒಂದು ಕಲ್ಲು ಸಿಕ್ಕಿತು. ಒಂಟೆಯ ಡುಬ್ಬದಂಥ ಕಲ್ಲು. ಎಲ್ಲೋ ನೋಡಿದ್ದೇನಲ್ಲ! ಹೊಳೆಯಿತು. ಹೊಳೆದದ್ದನ್ನು ಬಾಯಿ ಬಿಟ್ಟು ಹೇಳಿಬಿಟ್ಟೆ. ಇಪ್ಪತ್ತು ವರ್ಷದ ಅನುಭವ, ಬುದ್ಧಿ ಮಾತ್ರ ಇಷ್ಟು!

"ಸಾರ್, ಇದು ನಿಮ್ಮ ಪೋಸ್ಟರಿನ ಕಲ್ಲಲ್ವಾ? ಶಿಖರ ಇನ್ನೂ ಎಷ್ಟು ದೂರ?"

"ಎರಡು ತಾಸು," ಎಂದ ಮಾವ.

ಶಿಖರ ಸಾರ್ ಮಾತಾಡಲಿಲ್ಲ. ಭಾಷಣಗಾರ ಸುಮ್ಮನಾದರೆ ನನಗೆ ಭಯ.

ಒಂದಕ್ಕೆ ಕಾಲು ಗಂಟೆ ಇರುವಾಗ ಗೈಡಮ್ಮ ಹೇಳಿದ್ದ ಏಣಿನ ಮೇಲೆ ನಿಂತೆವು, ಕತ್ತಿಯ ಅಲಗಿನಂಥ ಬೆಟ್ಟದ ಬೆನ್ನು. ಬಲಕ್ಕೆ ಇಳಿಜಾರು, ಎಡಕ್ಕೆ ಕಡಿದಾದ ಹಿಮದ ಗೋಡೆ.

"ಇಲ್ಲೇ," ಎಂದ ಶಿಖರ ಸಾರ್. ಬಲಗಡೆಗೆ ಕೈ ತೋರಿಸಿದ. "ಈ ಕಡೆ ಇಳಿದು ಓಡಿಹೋದ."

ಗೈಡಮ್ಮ ಆ ಕೈಯನ್ನು ನೋಡಿದಳು. ಎಡಗಡೆ ಒಂದು ಸಲ ನೋಡಿದಳು. "ಆಯ್ತು ಸಾರ್. ಹುಡುಕ್ತೀವಿ." ಮಾವನೂ ಅವಳೂ ನಮ್ಮ ಹಗ್ಗದಿಂದ ತಮ್ಮನ್ನು ಬಿಡಿಸಿಕೊಂಡು ಬೇರೆ ಹಗ್ಗ ಕಟ್ಟಿಕೊಂಡು ಬಲಕ್ಕೆ ಇಳಿಯತೊಡಗಿದರು. ಹೋಗುವ ಮುನ್ನ ನನ್ನ ಬೆಲ್ಟು ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಂದಳು.

"ಟೋಪಿ ಕಿವಿ ಮೇಲಿಂದ ಸರಿಸ್ಕೊಳ್ಳಿ ಅಕ್ಕಾ."

ಈ ಚಳಿಯಲ್ಲಾ? ಹುಚ್ಚೇ? ಆದರೂ ಸರಿಸಿಕೊಂಡೆ.

ಅವರು ಬಂಡೆಯ ಮರೆಯಾದರು. ನಾನು ಮತ್ತು ಶಿಖರ ಸಾರ್. ನಡುವೆ ಒಂದೇ ಹಗ್ಗ.

ಆಗ ಕೇಳಿಸಿತು.

ಪೀ... ಪೀ... ಪೀ...

ಎಡಗಡೆಯಿಂದ! ಸಣ್ಣಗೆ, ಹಿಮದ ಒಳಗಿನಿಂದ. ಗೋಡೆಯ ಕೆಳಗೆ ಬಂಡೆಯೊಂದು ಚಾಚಿಕೊಂಡಿತ್ತು. ಅದರ ಅಡಿಯಿಂದ. ಇಪ್ಪತ್ತು ಎಣಿಸುವಷ್ಟರಲ್ಲಿ ನಿಂತಿತು.

ಒಂದು ಗಂಟೆ.

ನಾನು ಅಂಚಿಗೆ ಬಗ್ಗಿದೆ. ಬೆನ್ನಿಗೆ ಭುಜವೊಂದು ಬಂದು ಗುದ್ದಿತು.

ಜಾರಿದೆ!

ಅಲ್ಲಿಗೆ ಮತ್ತೆ ಬಂದೆವು ನೋಡಿ. ಹಗ್ಗ, ಚಾಕು, ಗಾಳಿ. ಅವನು ತನ್ನ ತುದಿಯನ್ನು ಕಲ್ಲಿಗೆ ಸುತ್ತಿ ಭದ್ರವಾಗಿ ಕೂತಿದ್ದ.

"ಕೂಗಿದ್ರೆ ಕುಯ್ತೀನಿ," ಎಂದ. "ಬೇಕಂತ ಅಲ್ಲ ಮೇಡಂ. ಅದೇ ಕಥೆ ಎರಡನೇ ಸಲ ಹೇಳೋಕೆ ನಂಗೂ ಕಷ್ಟ."

"ಗಾಳಿ!" ಎಂದೆ. "ಗಾಳಿನೇ ಸಾರ್! ಎಳೀರಿ!"

ಅವನು ನನ್ನ ಮುಖ ನೋಡಿದ. ತಲೆ ಆಡಿಸಿದ. "ನಂಬಿಕೆ ಬರ್ತಿಲ್ಲ."

ಚಾಕು ಹಗ್ಗಕ್ಕೆ ತಾಗಿತು.

ಮೂರು ನಿಮಿಷ. ಭಾಷಣಗಾರನನ್ನು ಮೂರು ನಿಮಿಷ ಮಾತಾಡಿಸುವುದು ಕಷ್ಟವೇ?

"ಸಾರ್, ಸಾಯೋಳಿಗೆ ಹೇಳಿದ್ರೆ ನಷ್ಟ ಏನು? ಅವತ್ತು ನಿಜವಾಗ್ಲೂ ಏನಾಯ್ತು?"

ಚಾಕು ನಿಂತಿತು.

"ತಿರುಗೋಣ ಅಂದ. ನಾನು ಐದು ನಿಮಿಷ ಅಂದೆ. ಮತ್ತೆ ಐದು. ಅವನು ಬೇಡ ಅಂತ ಕೈ ಮುಗಿದ. ನಾನು ಹೊರಟುಬಿಟ್ಟೆ. ಒಬ್ಬನೇ ಬಿಡೋಕೆ ಆಗಲ್ಲ ಸಾರ್ ಅಂತ ಹಿಂದೆ ಬಂದ." ಅವನ ಧ್ವನಿ ವೇದಿಕೆಯ ಮೇಲಿನದಾಗಿರಲಿಲ್ಲ. ತೀರಾ ಸಣ್ಣದು. "ಕಾಲು ಜಾರಿದ್ದು ನಂದು. ತಡೆಯೋಕೆ ಹೋಗಿ ಕೆಳಗೆ ಬಿದ್ದಿದ್ದು ಅವನು. ಹಗ್ಗ ನನ್ನ ಎಳೀತಿತ್ತು ಮೇಡಂ. ನಂಗೂ ಮನೆ ಮಠ ಇದೆ."

"ಕುಯ್ದ್ರಿ."

ಅವನು ಚಾಕುವಿನ ಅಲಗು ನೋಡಿದ.

"ಆಮೇಲೆ ಕೆಳಗಿಂದ ಅವನು ಕೂಗಿದ್ನಾ ಸಾರ್?"

ಅವನು ಕೆಳಗಿನ ಬಂಡೆಯ ಕಡೆ ಇಣುಕಿದ.

"ಗಾಳಿ ಅಂದ್ಕೊಂಡೆ," ಎಂದ.

ನಾನು ಮತ್ತೆ ಗಡಿಯಾರ ನೋಡಿದೆ.

"ಸಾಕು ಮೇಡಂ." ಚಾಕು ಓಡಿತು. ಹಗ್ಗದ ಹೊರಗಿನ ಹೆಣಿಗೆ ಬಿಚ್ಚಿಕೊಂಡಿತು. ಬಿಳಿಯ ಎಳೆಗಳು ಒಂದೊಂದಾಗಿ ಟಪ್ ಟಪ್ ಎಂದು ಕಿತ್ತವು. ನನ್ನ ಬೂಟು ಜಾರಿತು. ಮಗನ ಮುಖ ಬಂತು. "ಏನಮ್ಮಾ, ಏನಾಯ್ತು ನಿಂಗೆ?"

ಪೀ... ಪೀ... ಪೀ...

ಅವನ ಕೈ ನಿಂತುಬಿಟ್ಟಿತು!

ಅದೇ ಗಳಿಗೆಯಲ್ಲಿ ಬೂಟೊಂದು ಅವನ ಮಣಿಕಟ್ಟಿನ ಮೇಲೆ ಕೂತಿತು. ಮಾವ!

"ಬಿಡಿ ಸಾರ್. ಹಗ್ಗ ನಮ್ಮದು. ಹೋದ ಸಲದ್ದೇ ನೀವಿನ್ನೂ ವಾಪಸ್ ಕೊಟ್ಟಿಲ್ಲ."

ಗೈಡಮ್ಮ ನನ್ನ ಬೆಲ್ಟಿಗೆ ಇನ್ನೊಂದು ಹಗ್ಗ ಸಿಕ್ಕಿಸಿ ಎಳೆದಳು. ಮೇಲೆ ಬಂದು ಬಿದ್ದೆ. ಅವಳು ನನ್ನನ್ನು ನೋಡಲಿಲ್ಲ. ತಲೆ ಎಡಕ್ಕೆ ವಾಲಿಸಿ ಕೇಳುತ್ತಿದ್ದಳು. ಅಲಾರಂ ನಿಂತ ಮೇಲೂ ಕೇಳುತ್ತಿದ್ದಳು.

ಆಗ ಅರ್ಥವಾಯಿತು. ಬೆಳಗಿನಿಂದ ಬೂಟಿನ ದಾರ ಬಿಗಿ ಮಾಡಿಸಿದ್ದು ಯಾಕೆಂದು. ಸರಿಯಾಗಿ ಒಂದು ಗಂಟೆಗೆ ಈ ಏಣಿನ ಮೇಲೆ ನಿಲ್ಲಬೇಕಿತ್ತು ಅವಳಿಗೆ.

ಅವಳೇ ಇಳಿದಳು. ಬಂಡೆಯ ಅಡಿಯಲ್ಲಿ ಅವಳ ತಮ್ಮ ಕೂತಿದ್ದನಂತೆ. ಮೊಣಕಾಲು ಎದೆಗೆ ಅಪ್ಪಿಕೊಂಡು, ಮೇಲೆ ನೋಡುತ್ತ. ಸೊಂಟದಲ್ಲಿ ಎರಡು ಮಾರು ಹಗ್ಗ. ತುದಿ ನೇರವಾಗಿ ಕುಯ್ದದ್ದು. ಒಂದು ತುಣುಕನ್ನೂ ಗಡಿಯಾರವನ್ನೂ ತಂದಳು. ಅವನನ್ನು ಇಳಿಸಲು ಇನ್ನೂ ನಾಲ್ಕು ಜನ ಬೇಕಿತ್ತು. ಮೂರನೆಯ ದಿನ ಬಂದು ಇಳಿಸಿದರು.

ಶಿಖರ ಸಾರ್ ಮಂಜಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ತುಟಿ ನೀಲಿಯಾಗಿತ್ತು.

"ನನ್ನ ಇಲ್ಲೇ ಬಿಟ್ಟುಹೋಗ್ತೀರಾ?"

ಗೈಡಮ್ಮ ತನ್ನ ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟಿದಳು. ಗಂಟನ್ನು ಎರಡು ಸಲ ಎಳೆದು ನೋಡಿದಳು.

"ನಮ್ಮ ಮನೆಯವರು ಯಾರನ್ನೂ ಬಿಟ್ಟು ಬರಲ್ಲ ಸಾರ್. ಏಳಿ. ಒಂದು ಗಂಟೆ ಆಗಿಹೋಗಿದೆ."

ನಾನು ಶಿಖರ ನೋಡಿದೆನೇ? ಇಲ್ಲ. ಶಿಖರ ಸಾರ್ ಕೂಡ ಎಂದೂ ನೋಡಿರಲಿಲ್ಲ.

ಆ ಒಂದೇ ಕೋಣೆಯ ಮನೆಯಲ್ಲಿ ಗಡಿಯಾರವನ್ನು ತಾಯಿಯ ಅಂಗೈಯಲ್ಲಿ ಇಟ್ಟೆವು. ಆಕೆ ಅಳಲಿಲ್ಲ. ಕೆಂಪು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಆ ತುದಿಯಿಂದ ಈ ತುದಿಗೆ.

"ಹೊಲಿಗೆ ಬಿಟ್ಟಿಲ್ಲ," ಎಂದಳು.

"ಅವನೂ ಬಿಟ್ಟು ಬಂದಿರಲಿಲ್ಲ ಅಮ್ಮಾ," ಎಂದಳು ಗೈಡಮ್ಮ.

ಆಮೇಲೆ ತಾಯಿ ಅತ್ತಳು.

ಪೊಲೀಸ್ ಸ್ಟೇಷನ್ನಿನಲ್ಲಿ ಶಿಖರ ಸಾರ್ ಹನ್ನೊಂದು ಗಂಟೆಗೆ ಶುರುಮಾಡಿದ. ಹವಾ ಕೆಟ್ಟಿತ್ತು. ಎತ್ತರಕ್ಕೆ ತಲೆ ತಿರುಗಿತ್ತು. ಮೇಡಂ ತಾವಾಗಿ ಜಾರಿದರು. ಎರಡು ತಾಸು ನಿಲ್ಲಿಸಲಿಲ್ಲ! ಇನ್‌ಸ್ಪೆಕ್ಟರ್ ಬರೆದು ಬರೆದು ಬೆರಳು ನೀವಿಕೊಂಡರು. ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಗ್ಗದ ತುಣುಕು. ಪಕ್ಕದಲ್ಲಿ ತಾಯಿಯಿಂದ ಕೇಳಿ ತಂದ ಗಡಿಯಾರ.

ಪೀ... ಪೀ... ಪೀ...

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

"ಈಗಲಾದ್ರೂ ನಿಜ ಹೇಳ್ತೀರೇನ್ರೀ?"

ಶಿಖರ ಸಾರ್ ಹಣೆಯ ಬೆವರು ಒರೆಸಿಕೊಂಡ.

"ಇನ್ನೈದು ನಿಮಿಷ ಕೊಡಿ ಸಾರ್..."

ಬಾಗಿಲ ಪಕ್ಕದ ಬೆಂಚಿನಿಂದ ಗೈಡಮ್ಮ ತಲೆ ಎತ್ತದೆಯೇ ಹೇಳಿದಳು.

"ಕೊಡಿ ಸಾರ್. ಅದು ಮತ್ತೆ ಕೂಗುತ್ತೆ."